ಗದಗಿನ ಚೆಂಡುಗಾರ, ಪರನಾಡಿನ ಗುರು

ಹುಬ್ಬಳ್ಳಿಯ ಅಂಚಿನ ಗಬ್ಬೂರಿನಂಥ ಊರುಗಳಲ್ಲಿ ಭಾನುವಾರ ಬಂತೆಂದರೆ ಬಯಲು ಕಂಡಲ್ಲೆಲ್ಲ ಮೂರು ಕೋಲುಗಳು ಎದ್ದು ನಿಲ್ಲುತ್ತವೆ. ಕರಿಮಣ್ಣಿನ ನೆಲದ ಮೇಲೆ ಚೆಂಡು ಪುಟಿಯುತ್ತದೆ. ಆ ಹುಡುಗರಲ್ಲಿ ಬಹುಮಂದಿಗೆ ಬೆಂಗಳೂರೇ ದೂರ. ನೈರೋಬಿ, ಢಾಕಾಗಳ ಮಾತು ಇನ್ನೆಲ್ಲಿಯದು? ಆದರೂ ಇದೇ ಸೀಮೆಯ ಬಾಲಕನೊಬ್ಬ ಆ ದೂರವನ್ನು ಕ್ರಮಿಸಿದುದುಂಟು. ಕ್ರಮಿಸಿ, ತಾನು ಗಳಿಸಿದ ವಿದ್ಯೆಯನ್ನು ತನ್ನಂತೆಯೇ ಆಟದ ಅಂಚಿನಲ್ಲಿ ಉಳಿದವರಿಗೆ ಹಂಚಿದುದೂ ಉಂಟು. ಆತನೇ ಸುನೀಲ ಜೋಶಿ.

ಜೋಶಿಯವರು ಹುಟ್ಟಿದುದು 1970ರ ಜೂನ್ 6ರಂದು, ಗದಗಿನಲ್ಲಿ. ಕುಮಾರವ್ಯಾಸನ ಆರಾಧ್ಯದೈವ ವೀರನಾರಾಯಣನ ಊರದು. ಕಾವ್ಯಕ್ಕೆ ಹೆಸರಾದ ಆ ನೆಲದಲ್ಲಿ ಕ್ರಿಕೆಟಿಗೆ ತಕ್ಕ ಅನುಕೂಲಗಳು ಅಂದು ಇರಲಿಲ್ಲ. ಅಭ್ಯಾಸಕ್ಕಾಗಿ ಬಾಲಕ ಸುನೀಲ ಬೆಳಗಾಗುವ ಮುನ್ನವೇ ಎದ್ದು, ಪಂಪನ ಹೆಸರಿನೊಡನೆ ಬೆಸೆದ ಅಣ್ಣಿಗೇರಿಯನ್ನು ದಾಟಿ, ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಬರಬೇಕಾಗಿತ್ತು. ಚೆಂಡೆಸೆದು ಮುಗಿಸಿ, ಶಾಲೆಯ ವೇಳೆಗೆ ಮತ್ತೆ ಗದಗನ್ನು ಸೇರಬೇಕಾಗಿತ್ತು. ಎಡಗೈ ಸ್ಪಿನ್ ಚೆಂಡುಗಾರನಿಗೆ ಬೇಕಾದ ಮೊದಲ ಗುಣವೇ ತಾಳ್ಮೆ. ಅದನ್ನು ಆತ ಮೈದಾನಕ್ಕಿಂತ ಮೊದಲು ಈ ದಾರಿಯಲ್ಲಿಯೇ ಕಲಿತನೆಂದರೆ ತಪ್ಪಾಗಲಾರದು.

ರಾಜ್ಯದ ತಂಡದಲ್ಲಿ ನೆಲೆ ಸಿಕ್ಕ ಮೇಲೆ 1995-96ರ ರಣಜಿ ಋತು ಅವರ ಪಾಲಿಗೆ ಸುಗ್ಗಿಯ ಕಾಲವಾಯಿತು. ಒಂದೇ ಋತುವಿನಲ್ಲಿ 529 ಓಟ, 52 ಹುದ್ದರಿ! ಕರ್ನಾಟಕ ಆ ವರ್ಷ ರಣಜಿ ಟ್ರೋಫಿಯನ್ನು ಗೆದ್ದಿತು. ಮರುಬೇಸಗೆಯಲ್ಲಿ ಭಾರತ ತಂಡದ ಕರೆ ಬಂದಿತು. 1996ರ ಜೂನ್ 6ರಂದು, ತಮ್ಮ ಇಪ್ಪತ್ತಾರನೆಯ ಹುಟ್ಟುಹಬ್ಬದ ದಿನದಂದೇ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಅವರು ಮೊದಲ ಟೆಸ್ಟ್ ಪಂದ್ಯಕ್ಕೆ ಇಳಿದರು. ಕರ್ನಾಟಕದ ವೆಂಕಟೇಶ ಪ್ರಸಾದ್ ಅವರಿಗೂ ಅದೇ ಮೊದಲ ಟೆಸ್ಟ್.

ಲೋಕವೆಲ್ಲ ಅವರನ್ನು ಅರಿತದ್ದು 1999ರ ಸೆಪ್ಟೆಂಬರ್ 26ರಂದು, ನೈರೋಬಿಯಲ್ಲಿ. ಎದುರಿಗೆ ಬಲಿಷ್ಠ ದಕ್ಷಿಣ ಆಫ್ರಿಕ. ಜೋಶಿಯವರು 10 ಓವರು ಎಸೆದರು. ಅದರಲ್ಲಿ ಆರು ಓವರುಗಳಲ್ಲಿ ಒಂದು ಓಟವೂ ಬರಲಿಲ್ಲ. ಒಟ್ಟು ಕೊಟ್ಟ ಓಟ ಆರು, ಕಿತ್ತ ಹುದ್ದರಿ ಐದು! ನಾಯಕ ಹ್ಯಾನ್ಸಿ ಕ್ರೋನಿಯೆ, ಜಾಂಟಿ ರೋಡ್ಸ್ ಅವರಂಥ ಅನುಭವಿಗಳೂ ಆ ಚೆಂಡಿನ ಗುಟ್ಟನ್ನು ಬಿಡಿಸಲಾರದೆ ಮರಳಿದರು. ಎದುರಾಳಿಗಳ ಆಟ 117 ಓಟಗಳಿಗೆ ಮುಗಿಯಿತು.

ಇದಾದ ಮರುವರ್ಷ, 2000ದ ನವೆಂಬರಿನಲ್ಲಿ, ಬಾಂಗ್ಲಾದೇಶವು ಢಾಕಾದಲ್ಲಿ ತನ್ನ ಚೊಚ್ಚಲ ಟೆಸ್ಟ್ ಪಂದ್ಯವನ್ನಾಡಿತು. ಆತಿಥೇಯರು ಮೊದಲ ಸರದಿಯಲ್ಲಿ 400 ಓಟ ಗಳಿಸಿ ಭಾರತವನ್ನು ಬೆರಗುಗೊಳಿಸಿದರು. ಆ ಸರದಿಯಲ್ಲಿ ಐದು ಹುದ್ದರಿ ಪಡೆದ ಜೋಶಿಯವರು, ಭಾರತ ತಡವರಿಸುತ್ತಿದ್ದಾಗ ದಾಂಡು ಹಿಡಿದು 92 ಓಟ ಸೇರಿಸಿದರು. ಎರಡನೆಯ ಸರದಿಯಲ್ಲಿ ಮತ್ತೆ ಮೂರು ಹುದ್ದರಿ. ಭಾರತ ಗೆದ್ದಿತು, ಪಂದ್ಯದ ಪುರುಷೋತ್ತಮನೆಂಬ ಗೌರವ ಗದಗಿನವರಿಗೆ ದೊರೆಯಿತು.

ಆದರೆ ಶಿಖರವನ್ನೇರಿದವರಿಗೆ ಇಳಿಜಾರು ಅಷ್ಟು ಸಮೀಪದಲ್ಲಿದ್ದೀತೆಂದು ಯಾರು ಬಲ್ಲರು? ಆ ಬಳಿಕ ಅವರು ಆಡಿದ ಟೆಸ್ಟ್ ಪಂದ್ಯಗಳು ಎರಡೇ. ಸ್ವರಾಜ್ಯದವರೇ ಆದ ಅನಿಲ್ ಕುಂಬ್ಳೆಯವರ ಕೀರ್ತಿ ಒಂದೆಡೆ. 2001ರಲ್ಲಿ ಆಸ್ಟ್ರೇಲಿಯದೆದುರು ಮೂರು ಟೆಸ್ಟುಗಳಲ್ಲಿ 32 ಹುದ್ದರಿ ಪಡೆದ ಹರಭಜನ್ ಸಿಂಗರ ಉದಯ ಇನ್ನೊಂದೆಡೆ. ಒಟ್ಟು 15 ಟೆಸ್ಟ್, 41 ಹುದ್ದರಿ. ಒಂದು ದಿನದ ಪಂದ್ಯಗಳು 69, ಹುದ್ದರಿಗಳೂ 69. ಕದ ಮುಚ್ಚಿತೆಂದು ಜೋಶಿಯವರು ಮನೆ ಸೇರಲಿಲ್ಲ. ಹತ್ತು ವರ್ಷಗಳ ಮೇಲೂ ದೇಶೀ ಕ್ರಿಕೆಟಿನಲ್ಲಿ ದುಡಿದು, ಪ್ರಥಮ ದರ್ಜೆಯಲ್ಲಿ 600ಕ್ಕೂ ಹೆಚ್ಚು ಹುದ್ದರಿಗಳನ್ನು ಗಳಿಸಿ, 2012ರಲ್ಲಿ ಆಟಕ್ಕೆ ವಿದಾಯ ಹೇಳಿದರು.

ತರಬೇತುದಾರರಾಗಿ ಅವರು ಹಿಡಿದ ದಾರಿ ಸುಲಭದ್ದಾಗಿರಲಿಲ್ಲ. 2014ರ ಸೆಪ್ಟೆಂಬರಿನ ಮಹಾಪೂರದಲ್ಲಿ ಶ್ರೀನಗರದ ಮೈದಾನವೇ ಮುಳುಗಿಹೋಗಿತ್ತು. ಅಂಥ ಸಂಕಟದ ವರ್ಷದಲ್ಲಿ ಜಮ್ಮು-ಕಾಶ್ಮೀರ ತಂಡಕ್ಕೆ ಜೋಶಿಯವರೇ ಗುರು. ಡಿಸೆಂಬರಿನಲ್ಲಿ ಆ ತಂಡ ಮುಂಬಯಿಯ ವಾಂಖೆಡೆ ಕ್ರೀಡಾಂಗಣಕ್ಕೆ ಬಂದು, 40 ಬಾರಿ ರಣಜಿ ಗೆದ್ದ ಮುಂಬಯಿಯನ್ನು ಅದರ ಮನೆಯಂಗಳದಲ್ಲಿಯೇ ನಾಲ್ಕು ಹುದ್ದರಿಗಳಿಂದ ಮಣಿಸಿತು. ನಾಯಕ ಪರ್ವೇಜ್ ರಸೂಲ್ ಸಹ ಸ್ಪಿನ್ ಚೆಂಡುಗಾರರೇ.

ಮುಂದೆ ಒಮಾನ್ ತಂಡದ ಕರೆ ಬಂದಿತು. ಅಸ್ಸಾಮಿನ ಕರೆಯೂ ಬಂದಿತು. 2017ರ ಆಗಸ್ಟಿನಲ್ಲಿ ಬಂದ ಕರೆಯಂತೂ ವಿಧಿಯ ವಿನೋದದಂತಿತ್ತು. ಯಾವ ಬಾಂಗ್ಲಾದೇಶದ ಚೊಚ್ಚಲ ಟೆಸ್ಟಿನಲ್ಲಿ ಎಂಟು ಹುದ್ದರಿಗಳನ್ನು ಕಿತ್ತಿದ್ದರೋ ಅದೇ ದೇಶ, 17 ವರ್ಷಗಳ ನಂತರ, ತನ್ನ ಸ್ಪಿನ್ ಚೆಂಡುಗಾರರಿಗೆ ಪಾಠ ಹೇಳಲು ಅವರನ್ನು ಕರೆಯಿತು. ಅದೇ ತಿಂಗಳ 30ರಂದು ಬಾಂಗ್ಲಾದೇಶ ಆಸ್ಟ್ರೇಲಿಯವನ್ನು ಟೆಸ್ಟ್ ಪಂದ್ಯದಲ್ಲಿ ಮೊತ್ತಮೊದಲ ಬಾರಿಗೆ, 20 ಓಟಗಳಿಂದ, ಸೋಲಿಸಿತು. ಆ ಪಂದ್ಯದಲ್ಲಿ ಹತ್ತು ಹುದ್ದರಿ ಪಡೆದ ಶಕೀಬ್ ಅಲ್ ಹಸನ್ ಜೋಶಿಯವರಂತೆಯೇ ಎಡಗೈ ಸ್ಪಿನ್ ಚೆಂಡುಗಾರ. ಗೆಲವೆಲ್ಲ ಗುರುವಿನದೇ ಎನ್ನಲಾಗದು. ಆದರೆ ಆ ಗೆಲವಿನ ದಿನ ಗದಗಿನ ಅನುಭವವೂ ಆ ಅಂಗಳದಲ್ಲಿತ್ತು.

2020ರ ಮಾರ್ಚಿನಲ್ಲಿ ಜೋಶಿಯವರು ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಒಮ್ಮೆ ತಾವೇ ಆಯ್ಕೆಯ ಪಟ್ಟಿಗಾಗಿ ಕಾದಿದ್ದವರು ಆ ಪಟ್ಟಿಯನ್ನು ಬರೆಯುವ ಮೇಜಿಗೆ ಬಂದರು. ವರ್ಷದ ಕೊನೆಗೆ ಅಧ್ಯಕ್ಷಸ್ಥಾನ ಬೇರೊಬ್ಬರಿಗೆ ಹೋದರೂ ಸಮಿತಿಯಲ್ಲಿ ಅವರು ಮುಂದುವರಿದರು.

ಅಂಕಿಸಂಖ್ಯೆಗಳ ಪುಸ್ತಕದಲ್ಲಿ ಜೋಶಿಯವರ ಟೆಸ್ಟ್ ಹುದ್ದರಿಗಳು ಇಂದಿಗೂ 41 ಮಾತ್ರ. ಶಿಷ್ಯರು ಕಿತ್ತ ಹುದ್ದರಿಗಳನ್ನು ಗುರುವಿನ ಲೆಕ್ಕಕ್ಕೆ ಬರೆಯುವ ಪದ್ಧತಿ ಆ ಪುಸ್ತಕಕ್ಕಿಲ್ಲ. ಗಬ್ಬೂರಿನ ಬಯಲಿನಲ್ಲಿ ಇಂದು ಕೋಲು ನೆಡುವ ಹುಡುಗನಿಗೆ ಈ ಲೆಕ್ಕವೆಲ್ಲ ಬೇಕಿಲ್ಲ. ಗದಗಿನಿಂದ ನಸುಕಿನಲ್ಲಿ ಹೊರಟವನೊಬ್ಬ ಅಷ್ಟು ದೂರ ಹೋದನೆಂಬುದೊಂದು ತಿಳಿದರೆ ಸಾಕು. ನಾಳೆ ಅವನೂ ಬೇಗ ಏಳುತ್ತಾನೆ.