ಗೋಡೆಯ ಮಣ್ಣುಗೆರೆಯನ್ನು ಅಳಿಸಬೇಡಿ

ಮೈಸೂರಿನ ಓದುಗರೊಬ್ಬರು ತಂದೆ ಕಟ್ಟಿಸಿದ ಮನೆಯನ್ನು ಮಾರಲು ಹೊರಟಿದ್ದಾರೆ. ಕೊಳ್ಳುವವರು ಸದ್ಯದಲ್ಲೇ ಎಂಜಿನಿಯರನ್ನು ಕರೆತಂದು ಮನೆ ನೋಡಿಸುತ್ತಾರಂತೆ. ಅದಕ್ಕೆ ಮುಂಚೆ ಸುಣ್ಣಬಣ್ಣ ಆಗಲೆಂದು ಸಾಮಾನು ಸರಿಸಿದಾಗ, ದೇವರಕೋಣೆಯ ಬಾಗಿಲ ಚೌಕಟ್ಟಿನ ಪಕ್ಕ ನೆಲದಿಂದ ಮೇಲಕ್ಕೆ ಹತ್ತಿದ ಮಣ್ಣಿನ ಗೆರೆ ಕಂಡಿದೆ. 'ಕೆರೆದು ಸೀಮೆಎಣ್ಣೆ ಒರೆಸಿ ಪೇಂಟ್ ಹೊಡೆಸಿಬಿಡಲೇ? ಅತ್ತೆಯವರು ಅದು ಹುತ್ತ, ಮುಟ್ಟಬೇಡ ಅನ್ನುತ್ತಾರೆ' ಎಂದು ಬರೆದಿದ್ದಾರೆ.

ಎರಡೂ ಬೇಡ. ಆ ಗೆರೆಗೆ ಪೇಂಟೂ ಬೇಡ, ಅರಿಶಿನ ಕುಂಕುಮವೂ ಬೇಡ. ಮೊದಲು ಅದನ್ನು ಕೂತು ನೋಡಿ. ಮನೆ ಮಾರುವ ಗಡಿಬಿಡಿಯಲ್ಲಿ ಇಷ್ಟು ಸೊಗಸಾದ ಪ್ರಾಣಿಶಾಸ್ತ್ರದ ಪಾಠ ಪುಕ್ಕಟೆಯಾಗಿ ಸಿಗುವುದು ಅಪರೂಪ.

ಗೆರೆಯಂತೆ ಕಾಣುವುದು ನಿಜಕ್ಕೂ ಗೆದ್ದಲಿನ ಸುರಂಗ. ಗೆದ್ದಲು ಇರುವೆಯ ಜಾತಿಯಲ್ಲ, ಜಿರಲೆಯ ವಂಶದ್ದು. ಅದರ ಕೆಲಸಗಾರ ಹುಳುವಿನ ಮೈಚರ್ಮ ತೀರಾ ತೆಳು. ಒಣಗಾಳಿಗೆ ಬಿದ್ದರೆ ಹೆಚ್ಚು ಹೊತ್ತು ಬದುಕುವುದಿಲ್ಲ. ಆದ್ದರಿಂದ ನೆಲದಡಿಯ ಗೂಡಿನ ತೇವವನ್ನು ಮರದವರೆಗೂ ಒಯ್ಯಲೇಬೇಕು. ಮಣ್ಣಿನ ಕಾಳಿಗೆ ಎಂಜಲು, ಹಿಕ್ಕೆ ಬೆರೆಸಿ ಕಣ್ಣಿಲ್ಲದ ಆ ಹುಳು ಕಟ್ಟುವ ದಾರಿಯಿದು. ಸಿಮೆಂಟನ್ನು ಅದು ತಿನ್ನುವುದಿಲ್ಲ, ನಿಜ. ಆದರೆ ನೆಲ ಗೋಡೆ ಸೇರುವಲ್ಲಿ ಒಂದೆರಡು ಮಿಲಿಮೀಟರ್ ಬಿರುಕು ಸಿಕ್ಕರೂ ಸಾಕು, ಒಳಗೆ ಬರುತ್ತದೆ.

ಒಂದು ಟಾರ್ಚು, ಒಂದು ಭೂತಗನ್ನಡಿ ಹಿಡಿದು ಕೂತುಕೊಳ್ಳಿ. ಸುರಂಗದ ನಡುವೆ ಹೆಬ್ಬೆರಳುದ್ದದಷ್ಟನ್ನು ಮಾತ್ರ ಚಾಕುವಿನ ತುದಿಯಿಂದ ಬಿಡಿಸಿ. ನಸುಬಿಳಿ ಕೆಲಸಗಾರರು ದಡಬಡಿಸಿ ಒಳಕ್ಕೆ ಸರಿಯುತ್ತವೆ. ಕಂದುತಲೆಯ ಸೈನಿಕರು ಬಂದು ಒಡೆದ ಬಾಯಲ್ಲಿ ದವಡೆ ಹೊರಚಾಚಿ ನಿಲ್ಲುತ್ತವೆ. ಸ್ವಲ್ಪ ಹೊತ್ತು ಅಲುಗದೆ ಕಾದರೆ ಕೆಲಸಗಾರರು ಮತ್ತೆ ಬರುತ್ತವೆ. ಒಂದೊಂದರ ಬಾಯಲ್ಲೂ ಒಂದು ಕಾಳು ಮಣ್ಣು. ಅದನ್ನು ಅಂಚಿಗೆ ಒತ್ತಿ, ತಲೆಯನ್ನು ಅತ್ತಿತ್ತ ಕದಲಿಸಿ ಕೂರಿಸಿ, ತಿರುಗಿ ಒಳಗೆ ಹೋಗುತ್ತದೆ. ಅಲ್ಲಿಗೆ ಇನ್ನೊಂದು ಬರುತ್ತದೆ. ನಾನು ಎಷ್ಟು ಸಲ ನೋಡಿದರೂ ಈ ಕೆಲಸದಿಂದ ಕಣ್ಣು ಕೀಳಲಾಗಿಲ್ಲ. ಮೇಸ್ತ್ರಿ ಇಲ್ಲ, ನಕ್ಷೆ ಇಲ್ಲ, ಹಾಕಿದ ಮಣ್ಣಿನ ಹಸಿಯೇ ಮುಂದಿನ ಕಾಳಿನ ಜಾಗ ತೋರಿಸುತ್ತದೆ.

ಮರುದಿನ ಹೋಗಿ ನೋಡಿ. ತಿಳಿಬಣ್ಣದ ಹಳೆಯ ಸುರಂಗದ ನಡುವೆ ಹಸಿಮಣ್ಣಿನ ಕಪ್ಪು ತೇಪೆ ಬಿದ್ದಿದ್ದರೆ ಗೆದ್ದಲು ಇನ್ನೂ ಓಡಾಡುತ್ತಿದೆ ಎಂದರ್ಥ. ತೇಪೆ ಇಲ್ಲದಿದ್ದರೆ ಮಾತ್ರ ಹಿಗ್ಗಬೇಡಿ. ಅದು ದಾರಿ ಬದಲಿಸಿರಬಹುದು. ಪೂರ್ತಿ ಕೆರೆದು ಪೇಂಟ್ ಹೊಡೆಸಿದವರಿಗೆ ಈ ಪರೀಕ್ಷೆಯ ದಾರಿಯೇ ಮುಚ್ಚಿಹೋಗುತ್ತದೆ. ಗೂಡು ಮಣ್ಣಿನಡಿ ಹಾಯಾಗಿರುತ್ತದೆ, ಗೋಡೆಗೆ ಒರೆಸಿದ ಸೀಮೆಎಣ್ಣೆ ಅಲ್ಲಿಗೆ ಇಳಿಯುವುದಿಲ್ಲ.

ಬಂದ ಎಂಜಿನಿಯರ್ ಸ್ಕ್ರೂಡ್ರೈವರಿನ ಹಿಡಿಯಿಂದ ಚೌಕಟ್ಟು ಕುಟ್ಟುತ್ತಾರೆ. ಪೇಂಟಿನ ಸಿಪ್ಪೆ ಉಳಿಸಿ ಒಳಗನ್ನೆಲ್ಲ ತಿಂದಿದ್ದರೆ ಟೊಳ್ಳು ಸದ್ದು ಬರುತ್ತದೆ. ಅವರು ಕುಟ್ಟುವುದು ನಮ್ಮ ಕಿವಿಗಾಗಿ. ಆದರೆ ಅತ್ತ ಒಳಗಿರುವ ಹುಳುಗಳೂ ಆ ಕಂಪನವನ್ನು ಕೇಳಿಸಿಕೊಳ್ಳುತ್ತವೆ, ಕಾಲಿನಿಂದ! ಜರ್ಮನಿಯ ಫೆಲಿಕ್ಸ್ ಹೇಗರ್ ಮತ್ತು ವೋಲ್ಫ್‌ಗಾಂಗ್ ಕಿರ್ಶ್ನರ್ ಆಫ್ರಿಕಾದ ಹುತ್ತದ ಗೆದ್ದಲುಗಳ ಮೇಲೆ ಕೆಲಸ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ನನಗೆ ತುಂಬ ಪ್ರಿಯವಾದದ್ದು. ನಮ್ಮ ಹುತ್ತ ಕಟ್ಟುವ ಓಡೊಂಟೊಟರ್ಮಿಸ್ ಕುಲದ ಗೆದ್ದಲೂ ಅದರಲ್ಲಿದೆ. ಗೂಡು ಒಡೆದಾಗ ಸೈನಿಕರು ತಲೆಯನ್ನು ನೆಲಕ್ಕೆ ಚಚ್ಚುತ್ತವೆ, ಸೆಕೆಂಡಿಗೆ ಸುಮಾರು ಹನ್ನೊಂದು ಸಲ. ಆ ಕಂಪನ ದೂರ ಹೋದಂತೆ ಕ್ಷೀಣಿಸುತ್ತದೆ. ಕೇಳಿಸಿಕೊಂಡ ಮುಂದಿನ ಸೈನಿಕರು ತಾವೂ ತಲೆ ಚಚ್ಚಿ ಅದನ್ನು ಮುಂದಕ್ಕೆ ದಾಟಿಸುತ್ತವೆ. ಹೀಗೆ ಹುಳುವಿಂದ ಹುಳುವಿಗೆ ಸುದ್ದಿ ಮೀಟರುಗಟ್ಟಲೆ ಸಾಗುತ್ತದೆ. ಸುದ್ದಿ ಯಾವ ದಿಕ್ಕಿನದು ಎಂದು ತಿಳಿಯುವ ಬಗೆ ಇನ್ನೂ ಬೆರಗಿನದು. ಕಂಪನ ಒಂದು ಬದಿಯ ಕಾಲಿಗೂ ಇನ್ನೊಂದು ಬದಿಯ ಕಾಲಿಗೂ ತಲುಪುವ ನಡುವಿನ ಅಂತರ 0.2 ಮಿಲಿಸೆಕೆಂಡಿನಷ್ಟೇ ಇದ್ದರೂ ಅವು ಗುರುತಿಸುತ್ತವೆ ಎಂಬುದನ್ನು ಇದೇ ಇಬ್ಬರು ಮುಂದೆ ತೋರಿಸಿಕೊಟ್ಟರು. ಸೈನಿಕರು ಒಡೆದ ಕಡೆಗೆ ನುಗ್ಗುತ್ತವೆ, ಕೆಲಸಗಾರರು ಒಳಕ್ಕೆ ಸರಿಯುತ್ತವೆ. ನೀವು ಚಾಕು ಹಿಡಿದು ಕೂತಾಗ ಕಣ್ಣೆದುರು ನಡೆದದ್ದು ಇದೇ.

ಮಣ್ಣುಗೆರೆಯೇ ಇಲ್ಲದ ಮನೆಯಲ್ಲೂ ಗೆದ್ದಲಿರಬಹುದು. ಒಣಮರದ ಗೆದ್ದಲಿಗೆ ನೆಲದ ನಂಟು ಬೇಕಿಲ್ಲ. ಬಾಗಿಲು, ಮಂಚದೊಳಗೇ ಬದುಕುತ್ತದೆ. ಅದರ ಗುರುತು ಕೆಳಗೆ ಉದುರಿದ ಗಸಗಸೆಯಂಥ ಕಾಳುಗಳು. ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಕಾಳಿಗೂ ಉದ್ದಕ್ಕೆ ಆರು ಮುಖ! ನೀರಿನ ಹನಿಯೂ ಸಿಗದ ಜಾಗದಲ್ಲಿ ಬದುಕುವ ಹುಳು ತನ್ನ ಹಿಕ್ಕೆಯ ತೇವವನ್ನೂ ಹಿಂಡಿ ಒಳಗೇ ಉಳಿಸಿಕೊಳ್ಳುತ್ತದೆ. ಹಿಂಡಿದ ಅಚ್ಚು ಕಾಳಿನ ಮೇಲೆ ಉಳಿಯುತ್ತದೆ. ಉದುರಿದ್ದು ನುಣುಪು ಹಿಟ್ಟಾಗಿದ್ದರೆ ಅದು ಬೇರೆ, ಕುಟ್ಟೆ ಹುಳದ ಕೆಲಸ. ಮಾರುವ ಮುಂಚೆ ಗುಡಿಸುವಾಗ ಈ ಪುಡಿಯನ್ನು ಒಂದು ಚೀಟಿಯಲ್ಲಿ ಕಟ್ಟಿಟ್ಟುಕೊಳ್ಳಿ, ಔಷಧಿ ಹೊಡೆಯುವವರಿಗೆ ತೋರಿಸಲು ಬೇಕು. 'ನಮ್ಮದು ತೇಗ, ಗೆದ್ದಲು ಹಿಡಿಯಲ್ಲ' ಎಂಬ ಧೈರ್ಯವೂ ಅರ್ಧ ಸತ್ಯ: ತಡೆಯುವುದು ತೇಗದ ಚೇಗು, ಹೊರಗಿನ ಬಿಳಿಮರವಲ್ಲ.

ಇನ್ನು ಅತ್ತೆಯವರ ಮಾತು. ಹಾವು ಹುತ್ತ ಕಟ್ಟುವುದಿಲ್ಲ. ಗೆದ್ದಲು ಕಟ್ಟಿದ್ದರಲ್ಲಿ ತಂಪಿಗೋ ಇಲಿ ಕಪ್ಪೆಗೋ ಹೊಕ್ಕು ಕೂರುತ್ತದೆ, ಅಷ್ಟೆ. ಹೊಲದ ಹುತ್ತಕ್ಕೆ ಹಾಲೆರೆಯುವ ಹೆಂಗಸರ ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಚೌಕಟ್ಟಿನ ಮಣ್ಣುಗೆರೆಗೆ ನಾಗದೋಷ ಎಂದು ಹೆಸರಿಟ್ಟು, ಮನೆ ಮಾರುವ ಸಂಕಟದಲ್ಲಿರುವವರಿಂದ ಶಾಂತಿಗೆಂದು ಸಾವಿರಾರು ರೂಪಾಯಿ ಕೀಳುವವರನ್ನು ಕಂಡರೆ ಸಿಟ್ಟು ಬರುತ್ತದೆ. ಹೋಮದ ಹೊಗೆ ಮುಗಿಯುವಷ್ಟರಲ್ಲಿ ಗೆದ್ದಲು ಇನ್ನಷ್ಟು ಮರ ತಿಂದಿರುತ್ತದೆ.

ಆ ದುಡ್ಡಿನಲ್ಲಿ ಸರಿಯಾದ ಚಿಕಿತ್ಸೆ ಮಾಡಿಸಿ. ಕಟ್ಟಿದ ಮನೆಗೆಂದೇ ಭಾರತೀಯ ಮಾನಕ 6313ರ ಮೂರನೇ ಭಾಗವಿದೆ: ನೆಲ ಗೋಡೆ ಸೇರುವ ಉದ್ದಕ್ಕೂ ಸುಮಾರು 30 ಸೆಂ.ಮೀ.ಗೊಂದು ರಂಧ್ರ ಕೊರೆದು ಔಷಧಿ ಇಳಿಸುತ್ತಾರೆ. ಇಮಿಡಾಕ್ಲೊಪ್ರಿಡ್‌ನಂಥದ್ದರ ವಾಸನೆಗೆ ಗೆದ್ದಲು ಹಿಮ್ಮೆಟ್ಟುವುದಿಲ್ಲ. ಮೈಗೆ ಹತ್ತಿಸಿಕೊಂಡು ಹೋಗಿ, ಒಂದನ್ನೊಂದು ನೆಕ್ಕುವಾಗ ಜೊತೆಯವಕ್ಕೂ ದಾಟಿಸುತ್ತದೆ. ಸೋರುವ ಸಿಂಕಿನ ಪೈಪನ್ನೂ ರಿಪೇರಿ ಮಾಡಿಸಿ, ಗೋಡೆಗೆ ಒತ್ತಿ ಪೇರಿಸಿದ ಹಳೆಯ ಪುಸ್ತಕ, ರಟ್ಟಿನ ಪೆಟ್ಟಿಗೆಗಳನ್ನು ಹೊರಹಾಕಿ.

ಎಂಜಿನಿಯರಿಗೆ ಎಲ್ಲವನ್ನೂ ನೀವೇ ತೋರಿಸಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ಗೊತ್ತಿದ್ದು ಕೊಳ್ಳುವವನ ಸಾಮಾನ್ಯ ಎಚ್ಚರಕ್ಕೆ ಸಿಗದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ಪೇಂಟಿನ ಹಿಂದೆ ಬಚ್ಚಿಟ್ಟ ಗೆದ್ದಲು ನಾಳೆ ನಿಮ್ಮನ್ನೇ ಕೋರ್ಟಿಗೆ ಎಳೆದೀತು. ಚಿಕಿತ್ಸೆಯ ಬಿಲ್ಲು, ಗ್ಯಾರಂಟಿ ಪತ್ರ ಮನೆಪತ್ರದ ಜೊತೆಯಲ್ಲೇ ಇರಲಿ. ಔಷಧಿ ಇಳಿಸಿದ ಗೋಡೆಯ ಹೊರಬದಿಯಲ್ಲಿ ಹೂವಿನ ಪಾತಿ ಅಗೆಯಬೇಡಿ ಎಂದು ಹೊಸ ಯಜಮಾನರಿಗೆ ಹೇಳಿ. ಅಲ್ಲಿಯ ಮಣ್ಣು ಕದಡಿದರೆ ಗೆದ್ದಲಿಗೆ ಮತ್ತೆ ದಾರಿ ಸಿಗುತ್ತದೆ.