ಮೈಕ್ ಎಲ್ಲಿ, ಟ್ರ್ಯಾಕ್ ಎಲ್ಲಿ?

ಈ ಕಂತು ಯೋನ್‌ಶೋಪಿಂಗ್‌ನಿಂದ. ಸ್ವೀಡನ್ನಿನ ಎರಡನೇ ದೊಡ್ಡ ಸರೋವರ ವೆಟ್ಟರ್ನ್‌ನ ದಕ್ಷಿಣ ತುದಿಗೆ ಅಂಟಿಕೊಂಡ ಊರು ಇದು. ಪಶ್ಚಿಮಕ್ಕೆ, ವಿಮಾನ ನಿಲ್ದಾಣದ ಹತ್ತಿರ, ದೊಡ್ಡದೊಂದು ಜೌಗು ಇದೆ. ಹೆಸರು ಡುಮ್ಮೆ ಮೊಸ್ಸೆ. ನಗಬೇಡಿ, ನಮ್ಮ ಡುಮ್ಮನಿಗೂ ಅದಕ್ಕೂ ಸಂಬಂಧ ಇಲ್ಲ.

ಇಂಥ ತೆರೆದ ಜೌಗುಗಳಲ್ಲಿ ಏಪ್ರಿಲ್ ಬೆಳಗಿನ ಜಾವ ಒರ್ರೆ ಹಕ್ಕಿಯ ಗಂಡುಗಳು ಒಟ್ಟು ಸೇರ್ತವೆ. ನಮ್ಮ ಕಾಡುಕೋಳಿ, ನವಿಲುಗಳ ಕುಟುಂಬದ್ದೇ ಹಕ್ಕಿ. ಒಂದೊಂದು ಗಂಡಿಗೂ ಒಂದೊಂದು ಚೂರು ನೆಲ. ಅಲ್ಲಿ ಬಾಲ ಬಿಚ್ಚಿ, ಗಡಿಗೆಯಲ್ಲಿ ನೀರು ಕುದಿದ ಹಾಗೆ ಗುಡುಗುಡು ಅನ್ನುತ್ತೆ. ಹೆಣ್ಣುಗಳು ಬಂದು ನೋಡಿ ಆರಿಸ್ತವೆ. ಅಂಗಳದ ನಡುವೆ ಜಾಗ ಹಿಡಿದ ಗಂಡುಗಳಿಗೆ ಸಾಮಾನ್ಯವಾಗಿ ಹೆಚ್ಚು ಅವಕಾಶ. ಹಾಗಾಗಿ ಯಾವ ದನಿ ಯಾವ ಜಾಗದಿಂದ ಬಂತು ಅನ್ನೋದು ನಮಗೆ ಮುಖ್ಯ. ಕತ್ತಲಲ್ಲಿ ಕಣ್ಣಿಗೆ ಕಾಣಲ್ಲ, ಮೈಕಿಗೆ ಕೇಳುತ್ತೆ.

ಉಪಾಯ ಸರಳ. 20 ಮೀಟರ್ ಚೌಕದ ನಾಲ್ಕು ಮೂಲೆಗೆ ನಾಲ್ಕು ಮೈಕ್. 5 ಡಿಗ್ರಿ ಚಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 334 ಮೀಟರ್ ಹೋಗುತ್ತೆ. ಅಂದ್ರೆ ಪಕ್ಕದ ಎರಡು ಮೈಕ್‌ಗಳ ನಡುವೆ ಹೆಚ್ಚೆಂದರೆ 60 ಮಿಲಿಸೆಕೆಂಡು ವ್ಯತ್ಯಾಸ. ಸೆಕೆಂಡಿಗೆ 48,000 ಮಾದರಿ ದಾಖಲಿಸುವ ರೆಕಾರ್ಡರಿಗೆ ಇದು ಸುಮಾರು 2,880 ಮಾದರಿ, ಧಾರಾಳವಾಗಿ ಅಳೆಯಬಹುದು. ಯಾವ ಮೈಕಿಗೆ ಮೊದಲು ತಲುಪಿತು ಅನ್ನೋದರಿಂದ ಹಕ್ಕಿ ಕೂತ ಜಾಗ ಸಿಗುತ್ತೆ.

ನಾಲ್ಕು ಅಗ್ಗದ ರೆಕಾರ್ಡರ್ ಇಟ್ರೆ ಆಗಲ್ವಾ ಅಂತ ಕೇಳ್ತೀರಿ. ಪ್ರತಿಯೊಂದಕ್ಕೂ ಅದರದೇ ಗಡಿಯಾರ ಇರುತ್ತೆ. ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ ಹತ್ತು ಭಾಗ ವ್ಯತ್ಯಾಸ ಇದ್ದರೂ ಗಂಟೆಗೆ 36 ಮಿಲಿಸೆಕೆಂಡು ಜಾರುತ್ತೆ. ಅಷ್ಟು ಹೊತ್ತಲ್ಲಿ ಸದ್ದು 12 ಮೀಟರ್ ನಡೆದಿರುತ್ತೆ! ಅದಕ್ಕೇ ಒಂದೇ ಗಡಿಯಾರದ ಮಲ್ಟಿಟ್ರ್ಯಾಕ್ ಪೆಟ್ಟಿಗೆ ಬೇಕು.

ಇಲ್ಲೇ ನೋಡಿ, ಗೊಂದಲ ಶುರು. ಇನ್‌ಪುಟ್ ಅಂದ್ರೆ ತಂತಿ ಚುಚ್ಚುವ ತೂತು. ಟ್ರ್ಯಾಕ್ ಅಂದ್ರೆ ಸದ್ದು ಹೋಗಿ ಕೂರುವ ಸಾಲು. ಎರಡೂ ಒಂದೇ ಅಂದ್ಕೊಳ್ಳೋದು ಸಹಜ, ಆದರೆ ಅಲ್ಲ. ಟ್ಯಾಸ್ಕ್ಯಾಮ್ ಡಿಪಿ-008ರಲ್ಲಿ ಟ್ರ್ಯಾಕ್ ಎಂಟು, ಇನ್‌ಪುಟ್ ಎರಡೇ, ಎ ಮತ್ತು ಬಿ. ಯಾವುದು ಎಲ್ಲಿಗೆ ಅಂತ ಅಸೈನ್ ಗುಂಡಿ ಒತ್ತಿ ನೀವೇ ಹೇಳಬೇಕು. ಹಾಡು ಕಟ್ಟುವವರಿಗೆ ಇದು ವರ: ಇವತ್ತು ತಂಬೂರಿ, ನಾಳೆ ಅದರ ಮೇಲೆ ದನಿ. ಆದರೆ ಒಮ್ಮೆಗೆ ಎರಡೇ ಟ್ರ್ಯಾಕ್ ದಾಖಲಾಗೋದ್ರಿಂದ ನಮ್ಮ ನಾಲ್ಕು ಮೈಕಿಗೆ ಉಪಯೋಗ ಇಲ್ಲ. ಝೂಮ್ ಎಚ್6ರಲ್ಲಿ ಇನ್‌ಪುಟ್ 1 ಟ್ರ್ಯಾಕ್ 1ಕ್ಕೇ, 4 ನಾಲ್ಕಕ್ಕೇ; ಮೇಲಿನ ಕ್ಯಾಪ್ಸೂಲಿಗೆ ಎಲ್/ಆರ್ ಬೇರೆ. ಹೊಲದ ಕೆಲಸಕ್ಕೆ ಈ ಮೊಂಡುತನವೇ ಒಳ್ಳೇದು ಅಂತ ನಮ್ಮ ಅಭಿಪ್ರಾಯ. ಕೈಗವಸು ಹಾಕ್ಕೊಂಡು, ಹಣೆಯ ದೀಪದಲ್ಲಿ ಮೆನು ಹುಡುಕೋ ಕಷ್ಟ ತಪ್ಪುತ್ತೆ.

ಆದರೂ ತಂತಿ ಅದಲುಬದಲಾಗಬಹುದು. ಎರಡು ತಂತಿ ಮಾತ್ರ ಬದಲಾದರೆ ಸಾಮಾನ್ಯವಾಗಿ ಗೊತ್ತಾಗುತ್ತೆ, ನಾಲ್ಕು ಮೈಕಿನ ಲೆಕ್ಕ ಒಂದಕ್ಕೊಂದು ಕೂಡಲ್ಲ. ಅಪಾಯ ಇರೋದು ಇಡೀ ಎಡಸಾಲು ಬಲಸಾಲಾದಾಗ: 1ಕ್ಕೆ 2, 4ಕ್ಕೆ 3. ಆಗ ಲೆಕ್ಕ ಚೆನ್ನಾಗೇ ಕೂಡುತ್ತೆ, ಸಾಫ್ಟ್‌ವೇರ್ ತಕರಾರೇ ತೆಗೆಯಲ್ಲ. ಹಕ್ಕಿ ಮಾತ್ರ ಕನ್ನಡಿಯೊಳಗೆ ಹೋಗಿರುತ್ತೆ. ಬೆಳಕಾದ ಮೇಲೆ ಮರೆಗೂಡಿನಲ್ಲಿ ಕೂತವರು ಎಡಬದಿಯ ಗಂಡಿನ ಹತ್ತಿರ ಹೆಣ್ಣು ಬಂತು ಅಂತ ಬರೆದಿರ್ತಾರೆ. ನಾವು ಬಲಬದಿಯ ಗಂಡಿನ ದನಿಗೆ ಆ ಅಂಕ ಕೊಟ್ಟಿರ್ತೀವಿ. ಯಾವ ದನಿ ಹೆಣ್ಣಿಗೆ ಇಷ್ಟ ಅನ್ನೋ ಪ್ರಶ್ನೆಗೇ ತಪ್ಪು ಉತ್ತರ.

ಅದಕ್ಕೆ ನಾವು ಚಪ್ಪಾಳೆ ಹೊಡೀತೀವಿ. ತಂತಿಯ ಎರಡೂ ತುದಿಗೆ ಒಂದೇ ಬಣ್ಣದ ಟೇಪ್, ಅದು ಸರಿಯೇ. ಆದರೆ ಟೇಪು ಸಾಕ್ಷಿಯಲ್ಲ, ಕಡತದೊಳಗೇ ಸಾಕ್ಷಿ ಬೇಕು. ಹಿಂದಿನ ಸಂಜೆ, ಹಕ್ಕಿಗಳಿಲ್ಲದ ಹೊತ್ತಲ್ಲಿ ರೆಕಾರ್ಡಿಂಗ್ ಶುರು ಮಾಡಿ, ಒಂದನೇ ಗೂಟದ ಪಕ್ಕ ನಿಂತು "ಒಂದು, ಈಶಾನ್ಯ" ಅಂತ ಜೋರಾಗಿ ಹೇಳಿ ಒಂದು ಚಪ್ಪಾಳೆ. ಟ್ರ್ಯಾಕ್ 1ರಲ್ಲಿ ಅದು ಮೊದಲು ಕಾಣಬೇಕು, 2 ಮತ್ತು 4ರಲ್ಲಿ 60 ಮಿಲಿಸೆಕೆಂಡು ಬಿಟ್ಟು, ಎದುರು ಮೂಲೆಯ 3ರಲ್ಲಿ 85 ಮಿಲಿಸೆಕೆಂಡು ಬಿಟ್ಟು. ಹೀಗೆ ನಾಲ್ಕೂ ಗೂಟ. ಆಮೇಲೆ ತಂತಿ ಮುಟ್ಟೋ ಹಾಗಿಲ್ಲ. ಸ್ಟೀರಿಯೋ ಲಿಂಕ್ ಕೂಡ ತೆಗೆದಿಡಿ, ನಾಲ್ಕು ಬೇರೆ ಬೇರೆ ಮೋನೋ ಕಡತ ಬರಲಿ. ಲೋ-ಕಟ್ ಹಾಕಿದ್ರೆ ನಾಲ್ಕಕ್ಕೂ ಒಂದೇ ಥರ ಹಾಕಿ, ಯಾಕಂದ್ರೆ ಆ ಸೋಸುವಿಕೆಯೂ ಸದ್ದನ್ನ ಒಂಚೂರು ತಡ ಮಾಡುತ್ತೆ.

ಆಗುಂಬೆಯಲ್ಲಿ ಕಪ್ಪೆ ದಾಖಲಿಸುವ ಕೇಳುಗರಿಗೂ ಇದೇ ಕ್ರಮ. ಸದ್ದಿನ ವೇಗ ಮಾತ್ರ ಬದಲಿಸಿಕೊಳ್ಳಿ: 25 ಡಿಗ್ರಿಗೆ 346 ಮೀಟರ್. ಮಳೆ ಇದ್ರೆ ಚಪ್ಪಾಳೆ ಕೇಳಲ್ಲ, ಎರಡು ಮರದ ತುಂಡು ಬಡೀರಿ. ಇನ್ನೊಂದು, ಸಂರಕ್ಷಿತ ಜಾಗ ಆದ್ರೆ ಗೂಟ ನೆಡೋಕೆ ಮೊದಲೇ ಅನುಮತಿ ತಗೊಳ್ಳಿ, ಇಲ್ಲೂ ಅಲ್ಲೂ.

ಈಗ ಹೆಡ್‌ಫೋನ್ ಹಾಕ್ಕೊಳ್ಳಿ. ಎಡಕಿವಿಗೆ ಟ್ರ್ಯಾಕ್ 1, ಬಲಕ್ಕೆ ಟ್ರ್ಯಾಕ್ 2. ಮೊದಲು ಚಪ್ಪಾಳೆ, ಆಮೇಲೆ ಹಕ್ಕಿ.

[ಧ್ವನಿ: ಎರಡು ಚಪ್ಪಾಳೆ, ಗಾಳಿ, ದೂರದಲ್ಲಿ ಒರ್ರೆ]