ಖರೀದಿಪತ್ರದಲ್ಲಿ ಕಾಣದ ನೀಲಿ ರೇಖೆ

ಜತ್ತ ತಾಲೂಕಿನ ಕೃಷಿಕರೊಬ್ಬರು ಮಕ್ಕಳ ಕಾಲೇಜು ವಿದ್ಯಾಭ್ಯಾಸಕ್ಕೆಂದು ಸಾಂಗಲಿಯಲ್ಲಿ ಮನೆ ಕೊಂಡಾಗ ಕಾಗದಪತ್ರಗಳನ್ನು ಪರಿಶೀಲಿಸಿದವನು ನಾನೇ. ಮೂವತ್ತು ವರ್ಷಗಳ ದಾಖಲೆಗಳನ್ನು ನೋಡಿ, ಸ್ವತ್ತು ನಿರ್ವಿವಾದವೆಂದು ಬರೆದುಕೊಟ್ಟೆ. 2019ರ ಆಗಸ್ಟಿನಲ್ಲಿ ಆ ಮನೆಯ ಕೆಳಅಂತಸ್ತು ಮುಳುಗಿತು. ಮಕ್ಕಳ ಅಂಕಪಟ್ಟಿಗಳೂ ಉಳಿಯಲಿಲ್ಲ. ಅವರು ನನ್ನನ್ನು ದೂರಲಿಲ್ಲ. “ಬರಗಾಲದ ಊರಾಗ ಬೆಳದವ್ರಿಗೆ ನೀರಿನ ಅಂದಾಜು ಎಲ್ಲಿರ್ತದ್ರಿ ವಕೀಲಸಾಹೇಬ್ರ?” ಎಂದರಷ್ಟೆ. ಆ ಅಂದಾಜು ನನಗಿರಬೇಕಿತ್ತು.

ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆಯ ಅಪಾಯಮಟ್ಟ 45 ಅಡಿ. ಆ ವರ್ಷ ನೀರು 57 ಅಡಿಯನ್ನು ದಾಟಿತು. ಮಹಾರಾಷ್ಟ್ರದಲ್ಲಿ ನದಿತೀರದ ಊರುಗಳಿಗೆ ಎರಡು ಪ್ರವಾಹರೇಖೆಗಳನ್ನು ಗುರುತಿಸುವ ಪದ್ಧತಿಯಿದೆ: 25 ವರ್ಷಗಳಿಗೊಮ್ಮೆ ಬರುವ ನೆರೆಯ ಅಂಚು ನೀಲಿ ರೇಖೆ, 100 ವರ್ಷಗಳಿಗೊಮ್ಮೆ ಬರುವುದರ ಅಂಚು ಕೆಂಪು ರೇಖೆ. ಇದನ್ನು 25 ವರ್ಷಗಳ ಅಭಯವೆಂದು ಓದುವವರೇ ಹೆಚ್ಚು. ನಿಜಾರ್ಥ ಬೇರೆ. ನೀಲಿ ರೇಖೆಯ ಅಂಚಿನ ಮನೆಗೆ ಪ್ರತಿ ವರ್ಷವೂ ನೂರಕ್ಕೆ ನಾಲ್ಕರಷ್ಟು ಅಪಾಯವಿದೆ. 0.96ನ್ನು ಇಪ್ಪತ್ತು ಸಲ ಗುಣಿಸಿ 1ರಿಂದ ಕಳೆಯಲು ನಿಮ್ಮ ಹೈಸ್ಕೂಲಿನ ಮಗುವಿಗೆ ಹೇಳಿ: 20 ವರ್ಷಗಳ ಗೃಹಸಾಲ ತೀರುವುದರೊಳಗೆ ಒಮ್ಮೆಯಾದರೂ ನೀರು ಬರುವ ಸಂಭವ ಶೇಕಡಾ 56!

ಇಂಥ ನಕ್ಷೆಗಳನ್ನು ಇಂದು ಜಿಐಎಸ್ ಎಂಬ ಭೌಗೋಳಿಕ ಮಾಹಿತಿ ವ್ಯವಸ್ಥೆಯಿಂದ ರಚಿಸುತ್ತಾರೆ. ನೆಲದ ಎತ್ತರ, ಹಳ್ಳ, ಚರಂಡಿ, ಮನೆಗಳು ಒಂದೊಂದೂ ಒಂದು ಪದರ. ಪಾರದರ್ಶಕ ಹಾಳೆಗಳಂತೆ ಅವನ್ನು ಒಂದರ ಮೇಲೊಂದಿಟ್ಟು ನೀರಿನ ಮಟ್ಟವನ್ನು ಏರಿಸುತ್ತಾ ನೋಡುತ್ತಾರೆ. ಮೋಡ ಕವಿದಿದ್ದರೂ ಸೆಂಟಿನೆಲ್-1 ಉಪಗ್ರಹದ ರಾಡಾರ್ ನೀರು ಹರಡಿದ ಪ್ರದೇಶವನ್ನು ಚಿತ್ರಿಸಬಲ್ಲದು. ಆದರೆ ಉಚಿತವಾಗಿ ದೊರೆಯುವ ಎತ್ತರದ ದತ್ತಾಂಶ ಸಾಮಾನ್ಯವಾಗಿ 30 ಮೀಟರಿಗೊಂದು ಬಿಂದು. ಅಷ್ಟರೊಳಗೆ ಒಂದು ಓಣಿಯೇ ಅಡಗಿಹೋಗುತ್ತದೆ. ನದಿ ಏರಿದಾಗ ಚರಂಡಿಯ ನೀರು ಹಿಮ್ಮುಖವಾಗಿ ಊರಿಗೆ ನುಗ್ಗುವುದೂ, ಸಮೀಕ್ಷೆಯ ನಂತರ ಹಳ್ಳ ಮುಚ್ಚಿ ನಿವೇಶನ ಮಾಡಿದ್ದೂ ಹಳೆಯ ನಕ್ಷೆಗೆ ತಿಳಿಯದು.

ಅದು ಓಣಿಯ ಹಿರಿಯರಿಗೆ ತಿಳಿದಿರುತ್ತದೆ. 2005, 2019, 2021ರಲ್ಲಿ ನೀರು ಎಲ್ಲಿಗೆ ಬಂದಿತ್ತೆಂದು ಅವರನ್ನು ಕೇಳಿ, ಗೋಡೆಯ ಗುರುತುಗಳನ್ನು ಅಳೆದು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ದಾಖಲಿಸುವುದು ಶಾಲಾಮಕ್ಕಳಿಗೂ ಸಾಧ್ಯ. ನಾನಂತೂ ಈಗ ಪ್ರವಾಹರೇಖೆಯ ನಕ್ಷೆ ನೋಡದೆ ಅಭಿಪ್ರಾಯಪತ್ರಕ್ಕೆ ಸಹಿ ಹಾಕುವುದಿಲ್ಲ.

ಆ ಕೃಷಿಕರು ಮನೆ ಮಾರಲು ಯತ್ನಿಸಿದರು. ಗೋಡೆಯ ಗುರುತಿಗೆ ಬಣ್ಣ ಬಳಿಯಿರೆಂದು ದಲಾಲಿ ಹೇಳಿದನಂತೆ. ಅವರು ಒಪ್ಪಲಿಲ್ಲ, ಮನೆ ಇನ್ನೂ ಅವರ ಹೆಸರಿನಲ್ಲೇ ಇದೆ.